ಮನೆ ಕಾಯ್ದ ನಾಯಿಗೆ ಮುಪ್ಪು ಬಂದಾಗ

“ವಯಸ್ಸಾಯ್ತು ಸ್ವಾಮಿ, ಅದಕ್ಕೇನು ಔಷಧಿ?” ಪಶು ಆಸ್ಪತ್ರೆಗೆ ಮುದಿ ನಾಯಿಯನ್ನು ಕರೆತರುವ ರೈತರು ಮೊದಲು ಆಡುವ ಮಾತು ಇದು. ಕರೆತರುವವರೇ ಕಡಿಮೆ ಎನ್ನಿ. ಹಸುವಿನ ಹಾಲು ಅರ್ಧ ಲೀಟರು ಇಳಿದರೆ ಅದೇ ದಿನ ವೈದ್ಯರಲ್ಲಿಗೆ ಓಡುವ ನಾವು, ಹತ್ತು ವರ್ಷ ತೋಟ ಕಾಯ್ದ ನಾಯಿ ಮೂರು ದಿನ ಮುದ್ದೆ ಮುಟ್ಟದಿದ್ದರೂ ಮುಪ್ಪೆಂದು ಸುಮ್ಮನಿರುತ್ತೇವೆ. ಮುಪ್ಪಿಗೆ ಮದ್ದಿಲ್ಲ, ನಿಜ. ಆದರೆ ಮುಪ್ಪೆಂದು ನಾವು ಕೈಬಿಡುವ ಎಷ್ಟೋ ಲಕ್ಷಣಗಳು ರೋಗದವು. ಅವುಗಳಲ್ಲಿ ಹಲವಕ್ಕೆ ಚಿಕಿತ್ಸೆ ಉಂಟು.

ನನ್ನಲ್ಲಿಗೆ ಬಂದ ಒಂದು ನಾಟಿ ನಾಯಿಯ ವಿಷಯ ಹೇಳುತ್ತೇನೆ. ಅದಕ್ಕೆ 11 ವರ್ಷ. ವಾರದಿಂದ ಸರಿಯಾಗಿ ತಿಂದಿರಲಿಲ್ಲ. ಬಲಗಣ್ಣಿನ ಕೆಳಗೆ ನಿಂಬೆಕಾಯಿ ಗಾತ್ರದ ಬಾವು. ಚೇಳು ಕುಟುಕಿರಬೇಕೆಂದು ಮನೆಯವರು ಸುಣ್ಣ ಹಚ್ಚಿದ್ದರು. ಬಾಯಿ ತೆರೆದು ನೋಡಿದರೆ ಮೇಲ್ದವಡೆಯ ದೊಡ್ಡ ಹಲ್ಲು ಸೀಳಿ, ಬೇರಿನಲ್ಲಿ ಕೀವು ತುಂಬಿತ್ತು. ಅರಿವಳಿಕೆ ಕೊಟ್ಟು ಹಲ್ಲು ಕಿತ್ತ ಮೂರನೆಯ ದಿನ ನಾಯಿ ತಾನಾಗಿ ತಟ್ಟೆಯ ಬಳಿಗೆ ಬಂದಿತು. ಹಸಿವು ಸತ್ತಿರಲಿಲ್ಲ, ನೋವಿಗೆ ಅಗಿಯಲಾಗುತ್ತಿರಲಿಲ್ಲ, ಅಷ್ಟೆ.

ಸಾಮಾನ್ಯ ಗಾತ್ರದ ನಾಯಿಗೆ 8-9 ವರ್ಷ ದಾಟಿತೆಂದರೆ ಮುಪ್ಪು ಹತ್ತಿರ ಬಂತೆಂದು ತಿಳಿಯಿರಿ. ಭಾರಿ ಜಾತಿಗಳಿಗೆ ಇನ್ನೂ ಬೇಗ, ಸಣ್ಣವಕ್ಕೆ ಸ್ವಲ್ಪ ತಡ. ಅಲ್ಲಿಂದಾಚೆಗೆ ವರ್ಷಕ್ಕೆ ಎರಡು ಸಲವಾದರೂ ವೈದ್ಯರಿಗೆ ತೋರಿಸುವುದು ಒಳಿತು.

ನೀರು ಅಳೆಯಿರಿ, ತೂಕ ನೋಡಿ

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು ಎರಡು. ಮೊದಲನೆಯದು ನೀರು. ಆರೋಗ್ಯವಂತ ನಾಯಿ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 60 ಮಿ.ಲೀ. ನೀರು ಕುಡಿಯುತ್ತದೆ. 20 ಕಿಲೋ ನಾಯಿಗೆ ಒಂದು ಲೀಟರು ಅಥವಾ ಸ್ವಲ್ಪ ಹೆಚ್ಚು. ಬೇಸಿಗೆಯಲ್ಲಿ ಇನ್ನೂ ಬೇಕಾದೀತು. ಆದರೆ ದಿನವೂ ಎರಡು ಲೀಟರು ದಾಟಿದರೆ ಅದು ಬಾಯಾರಿಕೆಯಲ್ಲ, ರೋಗ. ಕಾಲುವೆಯ ನೀರು ಕುಡಿಯುವ ನಾಯಿಯಾದರೆ ಒಂದು ದಿನ ನೆರಳಿನಲ್ಲಿ ಕಟ್ಟಿ, ಅಳೆದ ನೀರನ್ನೇ ಇಟ್ಟು ನೋಡಿ.

ಕಾರಣಗಳು ಹಲವಾರು. ಮೂತ್ರಪಿಂಡದ ರೋಗ, ಸಕ್ಕರೆ ಕಾಯಿಲೆ, ಹೆಣ್ಣಾದರೆ ಗರ್ಭಕೋಶದಲ್ಲಿ ಕೀವು. ಮೂತ್ರಪಿಂಡದ ರೋಗ ಕಳ್ಳನಿದ್ದಂತೆ. ಸುಮಾರು ಮುಕ್ಕಾಲು ಪಾಲು ಶಕ್ತಿ ಹೋದ ಮೇಲೆಯೇ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಏರುಪೇರು ಕಾಣುವುದು. ಹೆಚ್ಚು ನೀರು ಕುಡಿಯುವುದು ಅದಕ್ಕೂ ಮುಂಚಿನ ಸೂಚನೆ. ಅಂಗಳ ಒದ್ದೆ ಮಾಡುತ್ತದೆಂದು ನೀರಿನ ಬಟ್ಟಲು ತೆಗೆದಿಡುವ ಮನೆಗಳನ್ನು ನೋಡಿದ್ದೇನೆ. ಅಂಥ ನಾಯಿಗೆ ನೀರು ತಪ್ಪಿಸುವುದು ಪ್ರಾಣಕ್ಕೆ ಅಪಾಯ.

ಸಂತಾನಹರಣ ಚಿಕಿತ್ಸೆ ಆಗದ ಹೆಣ್ಣು ನಾಯಿ ಬೆದೆಗೆ ಬಂದು ಹೋದ ಒಂದೆರಡು ತಿಂಗಳಲ್ಲಿ ಮಂಕಾಗಿ, ವಾಂತಿ ಮಾಡುತ್ತ, ಹೆಚ್ಚು ನೀರು ಕುಡಿಯತೊಡಗಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಯೋನಿಯಿಂದ ಕೀವು ಸೋರದಿದ್ದರೂ ಒಳಗೆ ತುಂಬಿರಬಹುದು. ಇದಕ್ಕೆ ಮುಖ್ಯ ಪರಿಹಾರ ಶಸ್ತ್ರಚಿಕಿತ್ಸೆ. ಕೆಚ್ಚಲಿನ ಸಾಲಿನಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿದರೂ ತಡ ಮಾಡಬೇಡಿ. ನಾಯಿಯ ಮೊಲೆಗಂಟುಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ.

ಎರಡನೆಯದು ತೂಕ. ಮೂಟೆ ತೂಗುವ ತಕ್ಕಡಿಯ ಮೇಲೆ ನಾಯಿಯನ್ನೆತ್ತಿಕೊಂಡು ನಿಂತು, ನಿಮ್ಮ ತೂಕ ಕಳೆಯಿರಿ. ತಿಂಗಳಿಗೊಮ್ಮೆ ಗೋಡೆಯ ಮೇಲೆ ಬರೆದಿಡಿ. ಮುಧೋಳ ನಾಯಿ ಸಾಕಿದವರಿಗೆ ಇದು ಹೆಚ್ಚು ಅಗತ್ಯ. ಆ ಜಾತಿಯ ಮೈಕಟ್ಟೇ ಸಣಕಲಾದ್ದರಿಂದ ಬಡಕಲಾದದ್ದು ಕಣ್ಣಿಗೆ ಬೇಗ ತಿಳಿಯದು.

ಆಹಾರದ ಬಗ್ಗೆ ಎರಡು ಮಾತು. ಬರೀ ಮುದ್ದೆ, ತಿಳಿ ಸಾರು ಮುದಿ ನಾಯಿಗೆ ಸಾಲದು. ಬೇಯಿಸಿದ ಮೊಟ್ಟೆಯನ್ನೋ ಮೂಳೆ ತೆಗೆದ ಮಾಂಸವನ್ನೋ ಸೇರಿಸಿ, ಮೆತ್ತಗೆ ಮಾಡಿ, ದಿನಕ್ಕೆ ಎರಡು ಮೂರು ಸಲ ಹಂಚಿ ಹಾಕಿ. ಈರುಳ್ಳಿ ಬಿದ್ದ ಸಾರು ಬೇಡ, ಅದು ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿಯ ಶೆಡ್ಡಿಗೆ ನಾಯಿ ಬಿಡಬಾರದು. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು.

ಕಾಲು ನೋವಿಗೆ ನಿಮ್ಮ ಮಾತ್ರೆ ಬೇಡ

ಬೆಳಗಿನ ಚಳಿಯಲ್ಲಿ ಏಳಲು ತಿಣುಕುವ, ಜಗಲಿ ಹತ್ತಲು ಹಿಂಜರಿಯುವ ನಾಯಿಗೆ ಕೀಲುನೋವಿರುತ್ತದೆ. ಆಗ ಮನೆಯಲ್ಲಿರುವ ಡೈಕ್ಲೋಫಿನ್ಯಾಕ್ ಅಥವಾ ಐಬುಪ್ರೊಫೇನ್ ಮಾತ್ರೆ ಬೆಲ್ಲದಲ್ಲಿಟ್ಟು ಕೊಟ್ಟುಬಿಡುವುದು ರೂಢಿಯಾಗಿದೆ. ಇದರಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಮೂತ್ರಪಿಂಡ ಸೋಲುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತಸ್ರಾವವಾಗುತ್ತಿದೆ ಎಂದೇ ತಿಳಿಯಿರಿ. ನಾಯಿಗಳಿಗೆಂದೇ ಇರುವ ನೋವುನಿವಾರಕಗಳುಂಟು, ಅವನ್ನು ವೈದ್ಯರು ತೂಕ ನೋಡಿ ಬರೆಯಲಿ. ನೀವು ಮಾಡಬೇಕಾದದ್ದು ಸುಲಭ. ಸಿಮೆಂಟು ನೆಲ ಬಿಡಿಸಿ, ಎರಡು ಗೋಣಿಚೀಲದಲ್ಲಿ ಹುಲ್ಲು ತುಂಬಿ ಹಾಸಿ. ಬೆಳೆದ ಉಗುರು ಕತ್ತರಿಸಿ. ಬೆಳಿಗ್ಗೆ ಸಂಜೆ ಸ್ವಲ್ಪ ದೂರ ನಡೆಸಿ.

ಉಣ್ಣೆಗೆ ಬೆಳೆಯ ಕೀಟನಾಶಕ ಬಳಿಯುವುದನ್ನು ದಯವಿಟ್ಟು ನಿಲ್ಲಿಸಿ. ನೆಕ್ಕಿದ ನಾಯಿ ಜೊಲ್ಲು ಸುರಿಸಿ, ನಡುಗಿ ಸಾಯಬಹುದು.

ಕಣ್ಣಿನ ಒಳಗೆ ತೆಳು ನೀಲಿ ಮಬ್ಬು ಕಂಡರೆ ಹೆದರಬೇಡಿ, ಅದು ವಯಸ್ಸಿನದು. ಹಾಲಿನಂತೆ ಬೆಳ್ಳಗಾದರೆ ಪೊರೆ. ಕಿವಿ ಮಂದವಾದ ನಾಯಿಯದು ಬೇರೆ ತೊಂದರೆ: ಅದು ಟ್ರ್ಯಾಕ್ಟರಿನ ನೆರಳಿನಲ್ಲಿ ಮಲಗಿದರೆ ಎಂಜಿನ್ ಶುರುವಾದರೂ ಏಳುವುದಿಲ್ಲ. ಹೊರಡುವ ಮುನ್ನ ಬಗ್ಗಿ ನೋಡಿ. ಮಲಗಿದಾಗ ಮಕ್ಕಳು ಮುಟ್ಟದಂತೆ ಎಚ್ಚರ ವಹಿಸಿ, ಬೆಚ್ಚಿ ಕಚ್ಚೀತು.

ಇನ್ನೊಂದು ವಿಷಯದಲ್ಲಿ ಉದಾಸೀನ ಸಲ್ಲದು. ಮನೆ ಬಿಟ್ಟು ಹೋಗದ ಮುದಿ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಏಕೆಂದು ಕೇಳುವವರಿದ್ದಾರೆ. ಹುಚ್ಚು ಹಿಡಿದ ನಾಯಿ ನಿಮ್ಮ ಅಂಗಳಕ್ಕೇ ಬಂದು ಅದನ್ನು ಕಚ್ಚಬಹುದು. ಪ್ರತಿ ವರ್ಷ ಲಸಿಕೆ ಹಾಕಿಸಿ. ನಾಯಿ ಜೊಲ್ಲು ಸುರಿಸುತ್ತ ನುಂಗಲಾರದೆ ಇದ್ದರೆ, ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿ. ಹುಚ್ಚು ರೋಗದಲ್ಲಿಯೂ ಹೀಗೇ ಕಾಣುತ್ತದೆ. ಕಚ್ಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ಎಲ್ಲ ಮಾಡಿದರೂ ಒಂದು ದಿನ ನಾಯಿ ಏಳದಂತಾದೀತು. ಸಂತೆಗೋ ಹೆದ್ದಾರಿಗೋ ಒಯ್ದು ಬಿಟ್ಟುಬರುವವರುಂಟು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅದು ಅಪರಾಧ. ಗುಣವಾಗದ ನೋವೆಂದು ವೈದ್ಯರು ಹೇಳಿದರೆ ಅರಿವಳಿಕೆಯ ಔಷಧಿಯನ್ನೇ ಹೆಚ್ಚು ಪ್ರಮಾಣದಲ್ಲಿ ಚುಚ್ಚಿ ನಿದ್ದೆಯಲ್ಲೇ ಕೊನೆಗಾಣಿಸುವ ಕ್ರಮವಿದೆ. ನೀವು ಪಕ್ಕದಲ್ಲಿರಿ, ಗುರುತಿನ ದನಿಗೆ ಅದು ಹೆದರುವುದಿಲ್ಲ. ಬಾವಿಯಿಂದ ದೂರದಲ್ಲಿ ನಾಲ್ಕು ಅಡಿ ಆಳಕ್ಕೆ ಹೂಳಿ, ಮೇಲೆ ಕಲ್ಲು ಹೇರಿ. ಆ ಔಷಧಿ ದೇಹದಲ್ಲಿ ಉಳಿಯುವುದರಿಂದ ಕಿತ್ತು ತಿಂದ ನರಿ, ಹದ್ದುಗಳೂ ಸತ್ತಾವು.