ಕಾವಲು ಗಂಟೆಯೂ ಮನೆಯ ಯಂತ್ರಜಾಲವೂ

ಬೀಗವಿಕ್ಕಿ, ಅಗುಳಿ ಹಾಕಿ, ದೀಪವಾರಿಸಿ ಮಲಗಿದ ಬಳಿಕವೂ ‘ಹಿತ್ತಲ ಬಾಗಿಲನ್ನು ಹಾಕಿದೆಯೇನೆ?’ ಎಂದು ಕೇಳದ ಯಜಮಾನರು ನಮ್ಮಲ್ಲಿ ವಿರಳ. ಈ ಶಂಕೆಯ ನಿವಾರಣೆಗಾಗಿಯೇ ಹುಟ್ಟಿದುದು ಕಾವಲು ಗಂಟೆ, ಎಂದರೆ ಅಲಾರಂ. ಇದಲ್ಲದೆ ದೀಪ, ಫ್ಯಾನು, ನೀರಿನ ಪಂಪು, ಕ್ಯಾಮರಾ ಮುಂತಾದುವನ್ನು ಒಂದೇ ಜಾಲಕ್ಕೆ ಪೋಣಿಸಿ ಮೊಬೈಲಿನಿಂದಲೇ ಆಳುವ ಏರ್ಪಾಡೂ ಈಗ ಅನೇಕ ಮನೆಗಳನ್ನು ಹೊಕ್ಕಿದೆ. ಈ ಎರಡನ್ನೂ ಕೂಡಿಸಬಹುದೆ? ಕೂಡಿಸುವುದಾದರೆ ಎಷ್ಟರಮಟ್ಟಿಗೆ? ಇದನ್ನು ವಾಚಕರೊಡನೆ ವಿಚಾರಮಾಡಬೇಕೆಂದು ನಮ್ಮ ಇಚ್ಛೆ.

ವಿದ್ಯುತ್ತಿನ ಕಾವಲು ಹೊಸದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಆಗಸ್ಟಸ್ ಪೋಪ್ ಎಂಬಾತನು, ಬಾಗಿಲು ತೆರೆದೊಡನೆ ಗಂಟೆ ಬಾರಿಸುವ ಏರ್ಪಾಡಿಗೆ 1853ರಲ್ಲಿಯೇ ಪೇಟೆಂಟು ಪಡೆದನು. ನಮಗೆ ಹೆಚ್ಚು ಮೆಚ್ಚಿಕೆಯಾದುದು ನ್ಯೂಯಾರ್ಕಿನ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ದಾದಿಯ ಕತೆ. ಹೊತ್ತುಗೊತ್ತಿಲ್ಲದ ದುಡಿಮೆ, ಮನೆಯಲ್ಲಿ ಒಂಟಿಯಾಗಿರುವಾಗಿನ ಭಯ, ಕರೆದರೆ ಬೇಗ ಬಾರದ ಪೊಲೀಸರು. ಆಕೆ ಪತಿಯೊಡನೆ ಸೇರಿ, ಬಾಗಿಲಿನ ರಂಧ್ರಗಳ ಹಿಂದೆ ಚಲಿಸುವ ಕ್ಯಾಮರಾ, ಒಳಗೆ ಚಿತ್ರ ತೋರುವ ಪರದೆ, ಬಂದವರೊಡನೆ ಮಾತನಾಡುವ ಸಾಧನ, ಕುಳಿತಲ್ಲಿಂದಲೇ ಬಾಗಿಲು ತೆರೆಯುವ ಗುಂಡಿ, ಸಹಾಯಕ್ಕೆ ಕರೆಯುವ ಇನ್ನೊಂದು ಗುಂಡಿ, ಇವೆಲ್ಲವನ್ನೂ ಒಂದಾಗಿ ಯೋಜಿಸಿ 1966ರಲ್ಲಿ ಅರ್ಜಿ ಹಾಕಿದಳು. 1969ರಲ್ಲಿ ಪೇಟೆಂಟು ದೊರೆಯಿತು. ಕಾವಲನ್ನೂ ಮನೆಯ ಯಂತ್ರಗಳನ್ನೂ ಕೂಡಿಸುವ ವಿಚಾರಕ್ಕೆ ಅದೇ ಒಳ್ಳೆಯ ಮಾದರಿ. ಆದರೆ ಅಲ್ಲಿ ನೋಡಿ ನಿರ್ಣಯಿಸಿ ಗುಂಡಿಯನ್ನೊತ್ತುವವರು ಮನುಷ್ಯರೇ ಆಗಿದ್ದರೆಂಬುದನ್ನು ಮರೆಯಲಾಗದು.

ತಂತಿಯ ಅಲಾರಮಿನ ಮರ್ಮವು ಸರಳವಾದುದು. ಬಾಗಿಲಿನಲ್ಲಿ ಒಂದು ಅಯಸ್ಕಾಂತ, ಚೌಕಟ್ಟಿನಲ್ಲಿ ಅದರ ಸೆಳೆತಕ್ಕೆ ಕೂಡಿಕೊಳ್ಳುವ ಪುಟ್ಟ ಸ್ವಿಚ್ಚು. ಬಾಗಿಲು ಹಾಕಿರುವಷ್ಟು ಕಾಲವೂ ತಂತಿಯಲ್ಲಿ ಅಲ್ಪ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಬಾಗಿಲು ತೆರೆದರೆ ಹರಿವು ನಿಲ್ಲುವುದು. ಕಳ್ಳನು ತಂತಿಯನ್ನೇ ಕತ್ತರಿಸಿದರೂ ನಿಲ್ಲುವುದು. ಎರಡನ್ನೂ ಅಪಾಯವೆಂದೇ ತಿಳಿದು ಪ್ಯಾನೆಲ್ಲು ಕೂಗುತ್ತದೆ. ಅದರ ಹೊಟ್ಟೆಯಲ್ಲಿ ಬ್ಯಾಟರಿಯೂ ಇರುವುದರಿಂದ ಕರೆಂಟು ಹೋದರೂ ಅದಕ್ಕೆ ನಿದ್ರೆಯಿಲ್ಲ. ಈ ಸ್ವಾವಲಂಬನೆಯೇ ಅದರ ಪ್ರಾಣ.

ಅನೇಕ ಪ್ಯಾನೆಲ್ಲುಗಳಲ್ಲಿ ರಿಲೇ ಎಂಬ ಬಿಡಿ ಸ್ವಿಚ್ಚೊಂದು ಇರುವುದುಂಟು. ಅಲಾರಂ ಕೂಗಿದಾಗ ಅದು ತಾನಾಗಿ ಕೂಡಿಕೊಳ್ಳುತ್ತದೆ. ಅದರಿಂದ ಎರಡು ತಂತಿಗಳನ್ನೆಳೆದು, ಅಂಗಡಿಯವರು ಹಬ್ ಎನ್ನುವ ಮನೆಯ ಯಂತ್ರಗಳ ಪೆಟ್ಟಿಗೆಗೆ ಸೇರಿದ ಇನ್‌ಪುಟ್ ಸಾಧನಕ್ಕೆ ಕೊಟ್ಟರೆ ಸಾಕು. ಹಬ್ಬಿಗೆ ಸುದ್ದಿ ಮುಟ್ಟುವುದು. ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ನನಿಂದಲೇ ಮಾಡಿಸತಕ್ಕದ್ದು. ದೀಪದ ಕರೆಂಟು ಈ ತಂತಿಗಳನ್ನು ಮುಟ್ಟಕೂಡದು. ಆಮೇಲಿನ ಅನುಕೂಲಗಳು ಹಲವು. ನಡುರಾತ್ರಿ ಗಂಟೆ ಕೂಗಿದೊಡನೆ ಮನೆಯ ದೀಪಗಳೆಲ್ಲ ಬೆಳಗುವುವು, ಹಿತ್ತಲ ಕ್ಯಾಮರಾದ ಚಿತ್ರವು ಊರಿಗೆ ಹೋದ ಮಗನ ಕೈಗೆ ಬರುವುದು. ಹೊಗೆಯ ಗಂಟೆಯಾದರೆ ಮೆಟ್ಟಿಲಿನ ದೀಪ ಹತ್ತಿ ದಾರಿ ತೋರುವುದು. ಕಾವಲನ್ನು ಹೂಡಿ ಎಲ್ಲರೂ ಹೊರಟರೆ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ತಾನೇ ಆರುವುದು. ಗೃಹಿಣಿಯರು ಇದೊಂದಕ್ಕಾಗಿಯೇ ಒಪ್ಪಬಹುದು!

ಇಲ್ಲಿಯವರೆಗೆ ಸುದ್ದಿ ಹರಿದುದು ಅಲಾರಮಿನಿಂದ ಹಬ್ಬಿಗೆ. ಹಬ್ಬೇ ಅಲಾರಮಿಗೆ ‘ಸುಮ್ಮನಿರು’ ಎಂದು ಅಪ್ಪಣೆಮಾಡುವ ಅಧಿಕಾರ ಕೊಡಬಹುದೆ? ಕೊಡಬಾರದೆಂದೇ ನಮ್ಮ ಮತ. 1975ರಲ್ಲಿ ಸ್ಕಾಟ್ಲೆಂಡಿನ ಪೀಕೋ ಎಲೆಕ್ಟ್ರಾನಿಕ್ಸ್ ಸಂಸ್ಥೆಯವರು ಎಕ್ಸ್-10 ಎಂಬ ವಿಧಾನವನ್ನು ಕಂಡುಹಿಡಿದರು. ಮನೆಯ ಕರೆಂಟಿನ ತಂತಿಯಲ್ಲಿಯೇ ಅಪ್ಪಣೆಗಳು ಹರಿಯುತ್ತಿದ್ದುವು; ಸಾಧನಗಳಿಗೆ 256 ವಿಳಾಸಗಳು. ಅಪ್ಪಣೆ ಕೊಟ್ಟವರಾರೆಂದು ವಿಚಾರಿಸುವ ಪದ್ಧತಿ ಅದರಲ್ಲಿರಲಿಲ್ಲ. ವಿಳಾಸ ಒಂದೇ ಆದರೆ ನೆರೆಮನೆಯವರ ಸ್ವಿಚ್ಚಿಗೆ ನಮ್ಮ ದೀಪ ಹತ್ತಬಹುದಾಗಿತ್ತು. ದೀಪವಾದರೆ ಅದು ವಿನೋದ, ಬೀಗವಾದರೆ? ಇಂದಿನ ಜಾಲಗಳು ಗುಪ್ತಸಂಕೇತಗಳಿಂದ ಬಿಗಿಯಾಗಿವೆ, ನಿಜ. ಆದರೂ 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯವರು ಇಟ್ಟ ಗುಪ್ತಪದಗಳಲ್ಲಿ ಸುಮಾರು 60ನ್ನು ಪ್ರಯೋಗಿಸಿಯೇ ಲಕ್ಷಾಂತರ ಕ್ಯಾಮರಾ ಮುಂತಾದುವನ್ನು ವಶಮಾಡಿಕೊಂಡಿತು. ಮನೆ ಕಾಯಲು ತಂದ ಕ್ಯಾಮರಾಗಳು ಪರರ ಸೇವೆಗೆ ನಿಂತುವು. ಕೊಂಡು ತಂದ ದಿನವೇ ಗುಪ್ತಪದವನ್ನು ಬದಲಾಯಿಸದೆ ಯಾವ ಸಾಧನವನ್ನೂ ಜಾಲಕ್ಕೆ ಸೇರಿಸಕೂಡದು.

ಹೊಗೆಯ ಗಂಟೆ ಕೂಗಿದರೆ ಹೆಬ್ಬಾಗಿಲು ತಾನೇ ತೆರೆಯುವಂತೆ ಮಾಡಿಸುವವರೂ ಉಂಟು. ಒಳಗಿನಿಂದ ಕೈಯಲ್ಲಿ ತಿರುಗಿಸಿ ತೆರೆಯುವ ಚಿಲಕವಿದ್ದರೆ ಅದರ ಅಗತ್ಯವೇನು? ಕಿಟಕಿಯಿಂದ ಹೊಗೆಯಾಡಿಸಿ ಬಾಗಿಲು ತೆರೆಸುವ ಉಪಾಯವನ್ನು ಕಳ್ಳನಿಗೆ ಕಲಿಸಿಕೊಟ್ಟಂತಾದೀತು.

ಹಲ್ಲಿಯ ವಿಚಾರವನ್ನು ಹೇಳದೆ ಬಿಡುವಂತಿಲ್ಲ. ಚಲನೆಯನ್ನರಿಯುವ ಸಾಧನದ ಮೇಲೆ ಹಲ್ಲಿಯೋ ಹುಳುವೋ ಹರಿದರೆ ಅಲಾರಂ ಕೂಗುವ ಸಂಭವವುಂಟು. ಮೂರು ರಾತ್ರಿ ಸುಳ್ಳಾಗಿ ಕೂಗಿದರೆ ನಾಲ್ಕನೆಯ ರಾತ್ರಿ ನೆರೆಯವರು ಏಳರು. ಆದುದರಿಂದ ಆ ಒಂದು ಸಾಧನದ ಮಾತಿಗೇ ಮನೆಯನ್ನೆಲ್ಲ ಎಬ್ಬಿಸದೆ, ಬಾಗಿಲಿನ ಸ್ವಿಚ್ಚೂ ಸಾಕ್ಷಿ ನುಡಿದರೆ ಮಾತ್ರ ದೀಪಗಳೆಲ್ಲ ಹತ್ತುವಂತೆ ಹಬ್ಬಿಗೆ ಹೇಳಿಡುವುದು ಮೇಲು.

ಬಾಗಿಲ ಬಳಿಯ ಗುಂಡಿಗಳ ಫಲಕವನ್ನು ತೆಗೆಯಿಸಬೇಡಿ. ಮೊಬೈಲು ಹಿಡಿಯದ ಅಜ್ಜಿಗೆ ನಾಲ್ಕಂಕಿಯ ಸಂಖ್ಯೆ ಸುಲಭ. ಕೆಲಸದವಳಿಗೆ ಬೇರೆಯೇ ಸಂಖ್ಯೆ ಕೊಟ್ಟು, ಆಕೆ ಕೆಲಸ ಬಿಟ್ಟ ದಿನ ಅದನ್ನು ಅಳಿಸತಕ್ಕದ್ದು.

ಎಲ್ಲವೂ ಮುಗಿದ ಮೇಲೆ, ನೆರೆಯವರಿಗೆ ಮೊದಲೇ ತಿಳಿಸಿ, ಒಂದು ಮಧ್ಯಾಹ್ನ ಮೇನ್ ಸ್ವಿಚ್ಚನ್ನು ಆರಿಸಿರಿ; ಇನ್ವರ್ಟರನ್ನೂ ಅಂತರ್ಜಾಲದ ರೂಟರನ್ನೂ ನಿಲ್ಲಿಸಿರಿ. ಕಾವಲನ್ನು ಹೂಡಿ ಹಿತ್ತಲ ಬಾಗಿಲನ್ನು ತೆರೆಯಿರಿ. ಗಂಟೆ ಕೂಗದಿದ್ದರೆ, ಜೋಡಿಸಿದವನನ್ನು ಮರುದಿನವೇ ಕರೆಯಿಸಿರಿ.