‘ಅಕಿರಾ’: ತೆರೆಗೆ ಬಾರದ ಒಂದು ರೂಪಾಂತರ

ಬರೆದ ಚಿತ್ರಗಳಿಗೆ ಚಲನೆಯನ್ನಿತ್ತು ರಚಿಸುವ ಜಪಾನೀ ಚಲನಚಿತ್ರಕ್ಕೆ ‘ಅನಿಮೆ’ ಎಂದು ಹೆಸರು. ಇಂತಹವನ್ನು ನಟರಿಂದ ಅಭಿನಯಿಸಿ ಪುನಃ ತೆಗೆಯುವ ಯತ್ನಗಳಲ್ಲಿ ಹಲವು ನಡುವೆಯೇ ನಿಂತಿವೆ. ಇವುಗಳಲ್ಲಿ ‘ಅಕಿರಾ’ದ ವೃತ್ತಾಂತವು ಇತಿಹಾಸದ ವಿದ್ಯಾರ್ಥಿಗಳಿಗೆ ವಿಚಾರಾರ್ಹವೆಂದು ನಮಗೆ ತೋರುತ್ತದೆ.

ಕಟ್ಸುಹಿರೊ ಒಟೊಮೊ ಅವರು 1982ರಿಂದ 1990ರವರೆಗೆ ಇದನ್ನು ಸಚಿತ್ರ ಧಾರಾವಾಹಿಯಾಗಿ ಪ್ರಕಟಿಸಿದರು. 1988ರಲ್ಲಿ ತಾವೇ ಅದನ್ನು ಅನಿಮೆಯಾಗಿ ನಿರ್ದೇಶಿಸಿದರು. ಮಹಾಸ್ಫೋಟದಲ್ಲಿ ನಾಶವಾದ ಟೋಕಿಯೊ, ಅದರ ಬಳಿಕ ಎದ್ದ ನವನಗರ, ಇದೇ ಕಥಾಭೂಮಿ. ಹಿರೋಷಿಮಾದ ಸ್ಮೃತಿಯೂ ಯುದ್ಧಾನಂತರದ ತ್ವರಿತ ಪುನರ್ನಿರ್ಮಾಣವೂ ಅದರ ತಳಹದಿಯಲ್ಲಿವೆ.

ಅಮೆರಿಕದ ವಾರ್ನರ್ ಬ್ರದರ್ಸ್ ಸಂಸ್ಥೆಯು 2002ರಲ್ಲಿ ಹಕ್ಕನ್ನು ಪಡೆಯಿತು. ಕಥೆಯನ್ನು ಮ್ಯಾನ್‌ಹಟನ್ನಿಗೆ ಸಾಗಿಸುವ ಯೋಜನೆಯೂ ಆಯಿತು. 2012ರ ಆದಿಯಲ್ಲಿ ಸಿದ್ಧತೆ ನಿಂತಿತು. ಟೈಕಾ ವೈಟಿಟಿಯವರ ನಿರ್ದೇಶನದಲ್ಲಿ 2021ರ ಮೇ 21ರಂದು ಬಿಡುಗಡೆಯೆಂದು 2019ರಲ್ಲಿ ಸಾರಿದರು. ಎರಡೇ ತಿಂಗಳಲ್ಲಿ ಅದೂ ಅನಿರ್ದಿಷ್ಟ ಕಾಲ ಮುಂದಕ್ಕೆ ಹೋಯಿತು. 2025ರಲ್ಲಿ ಹಕ್ಕು ಮೂಲ ಪ್ರಕಾಶಕರಾದ ಕೊಡಾನ್ಷಾ ಸಂಸ್ಥೆಗೆ ಮರಳಿತು.

ವೆಚ್ಚದ ಭಾರವು ಒಂದು ಕಾರಣವೆಂಬುದು ನಿಜ. ಆದರೆ ಮೂಲ ತೊಡಕು ನೆಲದ್ದೆಂದು ನಮ್ಮ ಅಭಿಪ್ರಾಯ. ಸ್ಥಳಾಂತರವೇ ದೋಷವೆಂದಲ್ಲ. ಬಿ. ಎಂ. ಶ್ರೀಯವರು ಸೊಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿಸಲಿಲ್ಲವೆ? ಅವರಿಗೆ ಟ್ರಾಯ್ ಯುದ್ಧಕ್ಕೆ ಸಾಟಿಯಾದ ಕುರುಕ್ಷೇತ್ರವು ದೊರೆತಿತ್ತು. ಅಣುಬಾಂಬಿನ ಅನುಭವಕ್ಕೆ ಮ್ಯಾನ್‌ಹಟನ್ನಿನಲ್ಲಿ ಸಾಟಿ ಯಾವುದು? ಅತ್ತ ಸಿದ್ಧತೆ ನಿಂತ 2012ರಲ್ಲಿಯೇ ವಾರ್ನರ್ ಸಂಸ್ಥೆಯ ಜಪಾನು ಶಾಖೆಯು ‘ರುರೌನಿ ಕೆನ್ಶಿನ್’ ಕಥೆಯನ್ನು ಮೇಜಿ ಕಾಲದ ಜಪಾನಿನಲ್ಲಿಯೇ ಇರಿಸಿ, ಜಪಾನೀ ನಟರಿಂದಲೇ ಆಡಿಸಿ ತೆರೆಗೆ ತಂದಿತು. 2021ರೊಳಗೆ ಅದಕ್ಕೆ ಇನ್ನೂ ನಾಲ್ಕು ಚಿತ್ರಗಳು ಸೇರಿದವು.