ಗಣಕದ ವೇಗವೂ ಅಜ್ಜಿಯ ಶೋಭಾನೆಯೂ

ನನ್ನ ತಾಯಿಯವರ ಶೋಭಾನೆ ಪದಗಳನ್ನು ಮಗನು ಮನೆಯ ಗಣಕಯಂತ್ರದಲ್ಲಿ ಧ್ವನಿಮುದ್ರಿಸಿ ಶ್ರುತಿ, ತಾಳ ಬೆರೆಸುತ್ತಿದ್ದನು. ನಡುನಡುವೆ ‘ಚಟ್ ಚಟ್’ ಸದ್ದು. ವೇಗ ಸಾಲದೆಂದು ಭಾವಿಸಿ, ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ‘ಓವರ್‌ಕ್ಲಾಕಿಂಗ್’ ಮಾಡಿದನು. ಮರುದಿನ ಅಜ್ಜಿ ಹಾಡುತ್ತಿರುವಾಗಲೇ ಗಣಕ ಸ್ತಬ್ಧವಾಯಿತು, ಹಾಡು ಉಳಿಯಲಿಲ್ಲ.

ಗಣಕವು ಸೆಕೆಂಡಿಗೆ 44,100 ಧ್ವನಿಮಾದರಿಗಳನ್ನು ಕಂತುಕಂತಾಗಿ ಸಿದ್ಧಪಡಿಸುತ್ತದೆ. ಈ ಕಂತೇ ಬಫರ್. ಅದು 128 ಮಾದರಿಗಳದಾದರೆ ದೊರೆಯುವ ಗಡುವು ಸುಮಾರು 2.9 ಮಿಲಿಸೆಕೆಂಡು, 512 ಆದರೆ 11.6. ಗಡುವು ತಪ್ಪಿದರೆ ಸದ್ದು ಕೇಳಿಸುತ್ತದೆ. ಬಫರ್ ಹಿಗ್ಗಿದಷ್ಟೂ ಹಾಡುವವರಿಗೆ ಸ್ವಂತ ದನಿ ತಡವಾಗಿ ಕೇಳುವುದರಿಂದ, ಹಾಡುವಾಗ ಅದು ಚಿಕ್ಕದಿರಲಿ, ಬೆರೆಸುವಾಗ ದೊಡ್ಡದಿರಲಿ. ಇದಕ್ಕೆ ಕಾಸಿನ ಖರ್ಚಿಲ್ಲ.

ಓವರ್‌ಕ್ಲಾಕಿಂಗ್‌ಗಾಗಿ ವೋಲ್ಟೇಜನ್ನು ಶೇ. 10 ಏರಿಸಿದರೂ ಪ್ರೊಸೆಸರಿನ ವಿದ್ಯುತ್ ಬಳಕೆ ಸುಮಾರು ಶೇ. 21 ಏರುತ್ತದೆ; ವೇಗದ ಪಾಲು ಬೇರೆ. ಅಷ್ಟೂ ಶಾಖವಾಗುತ್ತದೆ. ಬಳಿಕ ಫ್ಯಾನಿನ ಮೊರೆತವನ್ನೂ ಮೈಕ್ ಹಿಡಿಯುತ್ತದೆ. ವಕೀಲನಾಗಿ ಇನ್ನೊಂದು ಮಾತು: ಇದರಿಂದಾದ ಹಾನಿಗೆ ಎಎಂಡಿಯ ವಾರಂಟಿ ಅನ್ವಯಿಸದು, ಕರಾರನ್ನು ಮೊದಲೇ ಓದಬೇಕು.

ಮಗನು ಹಳೆಯ ವೇಗಕ್ಕೆ ಮರಳಿ ಬಫರ್ ಹಿಗ್ಗಿಸಿದನು, ಸದ್ದು ನಿಂತಿತು. ಅಜ್ಜಿ ಮತ್ತೊಮ್ಮೆ ಹಾಡಿದರು. ಆದರೆ ಅಂದು ಹಾಡಿದ್ದ ಕೊನೆಯ ಎರಡು ನುಡಿಗಳು ಅವರಿಗೆ ನೆನಪಾಗಲಿಲ್ಲ.